ಬೈಕಿನಲ್ಲಿ ಮಾಂಡು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಡುವಿಗೆ ಎರಡು ಸಲ ಬೈಕಿನಲ್ಲಿ ಹೋಗಿ ಬಂದೆ. ಒಮ್ಮೆ ಡಿಸೆಂಬರಿನಲ್ಲಿ, ಇನ್ನೊಮ್ಮೆ ಆಗಸ್ಟಿನಲ್ಲಿ. ಆಮೇಲೆ ಗೆಳೆಯರು, ಗೆಳೆಯರ ಗೆಳೆಯರು, ನಮ್ಮ ಮೆಕ್ಯಾನಿಕ್ ಅಂಗಡಿಯಲ್ಲಿ ಸಿಕ್ಕವರು, ಎಲ್ಲರೂ ಸುಮಾರು ಇವೇ ಪ್ರಶ್ನೆ ಕೇಳಿದರು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಾಂಡು ಎಲ್ಲಿದೆ? ಅಷ್ಟು ದೂರ ಬೈಕಿನಲ್ಲಿ ಹೋಗುವಂಥದ್ದು ಏನಿದೆ?

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ. ಇಂದೋರಿನಿಂದ ಸುಮಾರು 100 ಕಿ.ಮೀ., ಧಾರ್ ಪಟ್ಟಣದಿಂದ 35 ಕಿ.ಮೀ. ವಿಂಧ್ಯ ಬೆಟ್ಟಸಾಲಿನ ತುದಿಯಲ್ಲಿ, ಸಮುದ್ರಮಟ್ಟದಿಂದ 630 ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಬೆಟ್ಟದ ಮೇಲೆ ಒಂದು ಕೋಟೆ ಅಂದುಕೊಂಡು ಹೋಗಬೇಡಿ. ಬೆಟ್ಟದ ನೆತ್ತಿಯೇ ಒಂದು ದೊಡ್ಡ ಬಯಲು, ಆ ಬಯಲಿನ ತುಂಬ ಒಂದು ರಾಜಧಾನಿ. ಅರಮನೆ, ಮಸೀದಿ, ಕೆರೆ, ಗೋರಿ, ಮೆಟ್ಟಿಲುಬಾವಿ. ನಡುವೆ ಮೆಕ್ಕೆಜೋಳದ ಹೊಲ, ಎಮ್ಮೆ, ಶಾಲೆ, ಬಸ್‌ಸ್ಟ್ಯಾಂಡ್. ಹಳೇ ಗುಮ್ಮಟದ ಪಕ್ಕದಲ್ಲೇ ಯಾರೋ ಬಟ್ಟೆ ಒಣಹಾಕಿರುತ್ತಾರೆ.

ಹೆಸರು ಗೊತ್ತಿರಲಿ: ಅಲ್ಲಿಯವರು "ಮಾಂಡವ್" ಅನ್ನುತ್ತಾರೆ, ಬೋರ್ಡುಗಳಲ್ಲೂ ಹಾಗೇ ಇರುವುದು ಜಾಸ್ತಿ. ಸುಲ್ತಾನರ ಕಾಲದ ಹೆಸರು ಶಾದಿಯಾಬಾದ್, ಅಂದರೆ ಸಂತೋಷದ ಊರು.

ನನಗೆ ಇಷ್ಟವಾದ ಸಂಗತಿ ಬೇರೆ. ಬೆಂಗಳೂರಿನಿಂದ ಹೊರಟರೆ ತುಂಗಭದ್ರಾ, ಕೃಷ್ಣಾ, ಭೀಮಾ, ಗೋದಾವರಿ, ತಾಪಿ, ನರ್ಮದಾ, ಹೀಗೆ ಆರು ದೊಡ್ಡ ನದಿ ದಾಟುತ್ತೀರಿ. ದಾಟಿ ತಲುಪುವುದು ನದಿಯೇ ಇಲ್ಲದ ಊರಿಗೆ! ಬೆಟ್ಟದ ಮೇಲೆ ಮಳೆನೀರು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಆ ನೀರನ್ನು ಹಿಡಿಯಲು, ಇಳಿಸಲು, ತಿರುಗಿಸಲು, ಆಟ ಆಡಿಸಲು ಏನೇನು ಮಾಡಿದ್ದಾರೆ ಅಂತ ನೋಡಿದರೇ ಮಾಂಡು ಅರ್ಥವಾಗುವುದು. ಮುಂದೆ ನೀರಿನ ಮಾತು ಪದೇ ಪದೇ ಬರುತ್ತದೆ, ಸಹಿಸಿಕೊಳ್ಳಿ.

ಕರ್ನಾಟಕದಿಂದ ದಾರಿ ಹೇಗೆ? ಎಷ್ಟು ದಿನ ಬೇಕು?

ಬೆಂಗಳೂರಿನಿಂದ ಸುಮಾರು 1300 ಕಿ.ಮೀ. ಚಿತ್ರದುರ್ಗ, ಹೊಸಪೇಟೆ, ವಿಜಯಪುರದವರೆಗೆ ಒಂದು ದಿನ. ಅಲ್ಲಿಂದ ಸೊಲ್ಲಾಪುರ, ಧಾರಾಶಿವ, ಬೀಡ್ ಮೇಲೆ ಛತ್ರಪತಿ ಸಂಭಾಜಿನಗರ, ಅಂದರೆ ಹಳೇ ಔರಂಗಾಬಾದು, ಎರಡನೇ ದಿನ. ಮೂರನೇ ದಿನ ಧುಳೆ, ಶಿರಪುರ, ಸೇಂಧ್ವಾ ದಾಟಿ ಖಲಘಾಟ್‌ನಲ್ಲಿ ನರ್ಮದೆ ದಾಟಿದರೆ ಧಾಮನೋದ್. ಅಲ್ಲಿಂದ ಮುಂದೆ ಹೆದ್ದಾರಿ ಬಿಟ್ಟು ಮಾಂಡು ಕಡೆ.

ವಿಜಯಪುರದಿಂದ ಧಾಮನೋದ್‌ವರೆಗೆ ಒಂದೇ ಹೆದ್ದಾರಿ, 52. ಅಂಕೋಲಾದಿಂದ ಹುಬ್ಬಳ್ಳಿ, ವಿಜಯಪುರ ಹಾದು ಪಂಜಾಬಿನವರೆಗೆ ಹೋಗುವ ಹೆದ್ದಾರಿಯೇ ಇದು. ಉತ್ತರ ಕನ್ನಡದವರು, ಹುಬ್ಬಳ್ಳಿಯವರು ಮನೆ ಹತ್ತಿರವೇ ಈ ದಾರಿ ಹಿಡಿಯಬಹುದು. ದ್ವಿಚಕ್ರಕ್ಕೆ ಟೋಲ್ ಇಲ್ಲ, ಎಡಬದಿಯ ಸಣ್ಣ ದಾರಿಯಲ್ಲಿ ನುಸುಳಿದರೆ ಆಯಿತು.

ಸಂಭಾಜಿನಗರ ದಾಟಿದ ಮೇಲೆ ಒಂದು ತಾಲೂಕು ಕೇಂದ್ರದ ಹೆಸರು "ಕನ್ನಡ್". ದೇವನಾಗರಿ ಬೋರ್ಡಿನಲ್ಲಿ ಕನ್ನಡ ಅಂತ ಓದಿ ನಮ್ಮ ಗುಂಪಿನವರೆಲ್ಲ ಬ್ರೇಕ್ ಹಾಕಿ ಫೋಟೊ ತೆಗೆಸಿಕೊಂಡೆವು. ಚಹಾದಂಗಡಿಯವರಿಗೆ ಅದು ಹೊಸದೇನಲ್ಲ ಅನಿಸುತ್ತದೆ, ಅವರು ತಲೆ ಎತ್ತಿ ನೋಡಲೂ ಇಲ್ಲ.

ರಸ್ತೆಯಲ್ಲಿ ಹುಷಾರಾಗಿರಬೇಕಾದ ಜಾಗಗಳು?

ಮೂರು ಘಾಟಿಗಳು. ಕನ್ನಡ್ ಊರು ದಾಟಿದ ಕೂಡಲೇ ಚಾಳೀಸ್‌ಗಾಂವ್ ಕಡೆಗೆ ಇಳಿಯುವ ಔಟ್ರಮ್ ಘಾಟಿ, ಕಡಿದಾದ ತಿರುವುಗಳು. ಮಹಾರಾಷ್ಟ್ರದ ಗಡಿ ದಾಟುವಾಗ ಸಾತ್ಪುಡಾದಲ್ಲಿ ಬಿಜಾಸನ್ ಘಾಟಿ. ಮೂರನೆಯದು ಇಂದೋರ್ ಕಡೆ ಹೋಗುವವರಿಗೆ ಮಾತ್ರ: ಗಣಪತಿ ಘಾಟಿ. ಅದರ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟ ಲಾರಿಗಳ ಅಪಘಾತ ಎಷ್ಟೋ ಆಗಿವೆ. ಇಳಿಯುವಾಗ ಲಾರಿಯ ಮುಂದೆ ಹೋಗಿ ಸೇರಿಕೊಳ್ಳಬೇಡಿ. ಹಿಂದೆ ಉಳಿಯಿರಿ, ತಡವಾದರೂ ಪರವಾಗಿಲ್ಲ.

ಘಾಟಿಗಿಂತ ನನ್ನನ್ನು ಬೀಳಿಸಿದ್ದು ಎರೆಮಣ್ಣು. ಮಳೆ ಬಂದಾಗ ಟ್ರ್ಯಾಕ್ಟರುಗಳು ಹೊಲದಿಂದ ಕರಿಮಣ್ಣನ್ನು ಟಾರಿನ ಮೇಲೆ ಎಳೆದುಕೊಂಡು ಬರುತ್ತವೆ. ಅದು ಸಾಬೂನಿಗಿಂತ ಜಾರುತ್ತದೆ. ಮಾಂಡುವಿನ ಒಳಗೇ, ರೇವಾ ಕುಂಡ ಎಂಬ ಕೊಳದ ಕಡೆ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದವನು ಅಂಗಾತ ಬಿದ್ದೆ. ಕ್ಲಚ್ ಲಿವರ್ ಮುರಿಯಿತು, ಮೊಣಕೈ ತರಚಿತು, ಮಾನ ಹೋಯಿತು. ಎಮ್ಮೆ ಕಾಯುತ್ತಿದ್ದ ಇಬ್ಬರು ಹುಡುಗರು ಬಂದು ಗಾಡಿ ಎತ್ತಿಕೊಟ್ಟರು. ಒಂದು ಕ್ಲಚ್ ಲಿವರ್, ಒಂದು ಕ್ಲಚ್ ಕೇಬಲ್ ಜೊತೆಗಿರಲಿ ಅಂತ ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ.

ದೊಡ್ಡ ಬೈಕೇ ಬೇಕಾ?

ಬೇಡ. 150 ಸಿಸಿ ಗಾಡಿಯಲ್ಲೂ ಹೋಗಬಹುದು, ದಿನಕ್ಕೆ ನೂರು ಕಿ.ಮೀ. ಕಡಿಮೆ ಓಡಿಸಿ ಅಷ್ಟೇ. ಟೈರು, ಬ್ರೇಕ್ ಪ್ಯಾಡು, ಚೈನು ಹೊರಡುವ ಮೊದಲು ನೋಡಿಸಿ. ವಿಮೆ, ಹೊಗೆ ತಪಾಸಣೆ ಪತ್ರ, ಆರ್‌ಸಿ ಇಟ್ಟುಕೊಳ್ಳಿ. ಹಿಂದೆ ಕೂರುವವರಿಗೂ ಹೆಲ್ಮೆಟ್.

ಯಾವ ಕಾಲದಲ್ಲಿ ಹೋಗಬೇಕು?

ಓಡಿಸಲು ಚಳಿಗಾಲ, ನೋಡಲು ಮಳೆಗಾಲ. ಜಗಳ ಇರುವುದೇ ಇಲ್ಲಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ರಸ್ತೆ ಒಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಬೆಳಗಿನ ಚಳಿಗೆ ಕೈ ಮರಗಟ್ಟುತ್ತದೆ. ಆದರೆ ಕಣಿವೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಲವು ಕೆರೆ ತಳ ಕಂಡಿರುತ್ತವೆ. ಡಿಸೆಂಬರಿನಲ್ಲಿ ನೋಡಿ "ಚೆನ್ನಾಗಿದೆ" ಅಂದಿದ್ದೆ. ಆಗಸ್ಟಿನಲ್ಲಿ ಮಾತೇ ಹೊರಡಲಿಲ್ಲ. ಮೋಡ ಅರಮನೆಯ ಒಳಗೆ ಬರುತ್ತದೆ, ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಮಾಂಡು ಬಯಲನ್ನು ಉತ್ತರದ ಮಾಳ್ವ ಪ್ರಸ್ಥಭೂಮಿಯಿಂದ ಬೇರ್ಪಡಿಸುವ ಕಾಕ್ರಾ ಖೋಹ್ ಎಂಬ ಕಮರಿಯಲ್ಲಿ ಜಲಪಾತ ಇಳಿಯುತ್ತದೆ. 1617ರಲ್ಲಿ ಜಹಾಂಗೀರ್ ಇಲ್ಲಿ ಹಲವು ತಿಂಗಳು ಬೀಡುಬಿಟ್ಟಿದ್ದ, ಮಳೆಗಾಲದ ಮಾಂಡುವನ್ನು ಬಾಯ್ತುಂಬ ಹೊಗಳಿ ಬರೆದ. ಅದೇ ವರ್ಷ ಅವನ ಹಿಂದೆ ಬಂದ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಮಾತ್ರ ಮಳೆಗೆ ಮುಂಚೆ ಕುಡಿಯುವ ನೀರಿಗೆ ಪರದಾಡಿದ್ದನ್ನು ಬರೆದ. ಇಬ್ಬರೂ ನಿಜವನ್ನೇ ಬರೆದರು, ತಿಂಗಳು ಬೇರೆ ಅಷ್ಟೇ.

ಮಳೆಯಲ್ಲಿ 1300 ಕಿ.ಮೀ. ಓಡಿಸುವ ಧೈರ್ಯ ಇಲ್ಲದಿದ್ದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಆರಿಸಿಕೊಳ್ಳಿ. ಹಸಿರೂ ಇರುತ್ತದೆ, ಕೆರೆಯೂ ತುಂಬಿರುತ್ತದೆ. ಏಪ್ರಿಲ್, ಮೇ ಬೇಡವೇ ಬೇಡ. ಜಾಕೆಟ್ಟಿನೊಳಗೆ ಬೇಯುತ್ತೀರಿ.

ಬೆಟ್ಟ ಹತ್ತುವ ರಸ್ತೆ ಹೇಗಿದೆ?

ಹೆದರುವಂಥದ್ದಲ್ಲ. ದಕ್ಷಿಣದಿಂದ ಹೋಗುವವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ನರ್ಮದೆಯ ಬಯಲಿನಿಂದ ನೋಡಿದರೆ ಬೆಟ್ಟ ಎದುರಿಗೇ ಗೋಡೆಯ ಹಾಗೆ ನಿಂತಿರುತ್ತದೆ, ಆದರೆ ಆ ಕಡೆಯಿಂದ ನೇರ ಹತ್ತಲಾಗುವುದಿಲ್ಲ. ಸುತ್ತು ಹಾಕಿ, ಮಾಳ್ವದ ಬಯಲಿಗೆ ಏರಿ, ಉತ್ತರದ ಬಾಗಿಲಿನಿಂದ ಒಳಗೆ ಹೋಗಬೇಕು. ಶತ್ರುಗಳಿಗೂ ಇದೇ ಪಾಡು. ಕೋಟೆಗೋಡೆ ಬೆಟ್ಟದ ಅಂಚು ಹಿಡಿದು ಹತ್ತಾರು ಕಿ.ಮೀ. ಸುತ್ತುತ್ತದೆ, ಹನ್ನೆರಡು ಬಾಗಿಲುಗಳು. ರಸ್ತೆ ಆಲಂಗೀರ್ ದರ್ವಾಜಾ ಮುಂತಾದ ಹಳೇ ಬಾಗಿಲುಗಳ ಒಳಗೇ ಹಾದು ಹೋಗುತ್ತದೆ. ಕಮಾನಿನಡಿ ಒಂದೇ ಗಾಡಿಗೆ ಜಾಗ, ಎದುರಿನಿಂದ ಬಸ್ಸು ಬರಬಹುದು. ಹಾರ್ನ್ ಹೊಡೆದು, ನಿಂತು, ಆಮೇಲೆ ನುಗ್ಗಿ.

ಪೆಟ್ರೋಲ್ ಕೆಳಗೆ ಧಾಮನೋದ್‌ನಲ್ಲೋ ಧಾರ್‌ನಲ್ಲೋ ತುಂಬಿಸಿಕೊಂಡೇ ಹತ್ತಿ.

ಬೆಳಗ್ಗೆ ಹೋಗಿ ನೋಡಿ ಸಂಜೆ ಇಂದೋರ್ ಸೇರಬಹುದಾ?

ಸೇರಬಹುದು. ನಾವೂ ಮೊದಲ ಸಲ ಅದನ್ನೇ ಮಾಡಿದ್ದು. ಏನೂ ನೋಡಲಿಲ್ಲ. ಮೂರು ದಿನ ಓಡಿಸಿಕೊಂಡು ಬಂದು ನಾಲ್ಕು ಗಂಟೆ ನೋಡುವುದು ಯಾವ ನ್ಯಾಯ? ಕನಿಷ್ಠ ಎರಡು ರಾತ್ರಿ ಇರಿ.

ನೋಡುವ ಜಾಗಗಳು ಮೂರು ಗುಂಪಾಗಿವೆ. ಉತ್ತರಕ್ಕೆ ಅರಮನೆಗಳ ಆವರಣ, ಊರಿನ ನಡುವೆ ಜಾಮಿ ಮಸೀದಿ ಮತ್ತು ಮಾಳ್ವದ ಸುಲ್ತಾನ ಹೋಶಂಗ್ ಷಾನ ಗೋರಿ, ದಕ್ಷಿಣದ ತುದಿಗೆ ರೇವಾ ಕುಂಡ ಮತ್ತು ರೂಪಮತಿ ಮಂಟಪ. ಊರಿನಿಂದ ರೂಪಮತಿ ಮಂಟಪಕ್ಕೆ ಐದಾರು ಕಿ.ಮೀ. ಈ ಮೂರಕ್ಕೂ ಬೇರೆ ಬೇರೆ ಟಿಕೆಟ್.

ನನ್ನ ಸಲಹೆ: ತಲುಪಿದ ದಿನ ಸಂಜೆ ಏನೂ ನೋಡಬೇಡಿ. ಹೋಟೆಲಿನಲ್ಲಿ ಲಗೇಜು ಬಿಚ್ಚಿ, ಸುಮ್ನೆ ಸಾಗರ್ ತಲಾವ್ ಎಂಬ ಕೆರೆ ದಂಡೆಗೆ ಹೋಗಿ ಕೂತುಕೊಳ್ಳಿ. ಮೂರು ದಿನದ ಗಾಳಿ ಕಿವಿಯಿಂದ ಹೊರಗೆ ಹೋಗಲು ಒಂದು ಸಂಜೆ ಬೇಕು.

ಒಂದೇ ಕಟ್ಟಡ ನೋಡಲು ಸಮಯ ಇದ್ದರೆ ಯಾವುದು?

ಜಹಾಜ್ ಮಹಲ್. ಸುಮಾರು 120 ಮೀಟರ್ ಉದ್ದ, ಅಗಲ ಅದರ ಎಂಟನೇ ಒಂದು ಪಾಲು. ಎರಡೂ ಬದಿಗೆ ಕೆರೆ, ಒಂದು ಮುಂಜ್ ತಲಾವ್, ಇನ್ನೊಂದು ಕಪೂರ್ ತಲಾವ್. ಕೆರೆ ತುಂಬಿದಾಗ ಎರಡಂತಸ್ತಿನ ಹಡಗು ನೀರಿನಲ್ಲಿ ನಿಂತ ಹಾಗೆ. 1469ರಿಂದ 1500ರವರೆಗೆ ಆಳಿದ ಮಾಳ್ವದ ಸುಲ್ತಾನ ಘಿಯಾಸುದ್ದೀನ್ ಖಲ್ಜಿಯ ಕಾಲದ್ದು ಅನ್ನುತ್ತಾರೆ. ಇವನು ರಾಜ್ಯದ ತಾಪತ್ರಯವನ್ನು ಮಗನಿಗೆ ಒಪ್ಪಿಸಿ ಊಟ, ಸಂಗೀತ, ಹೆಂಗಸರ ನಡುವೆ ಕಾಲ ಕಳೆದವನು. ಜನಾನಾದಲ್ಲಿ, ಅಂದರೆ ಅಂತಃಪುರದಲ್ಲಿ, 15,000 ಹೆಂಗಸರಿದ್ದರು ಅಂತ ಹಳೇ ಬರಹಗಾರರು ಬರೆಯುತ್ತಾರೆ. ಲೆಕ್ಕ ಹಾಕಿದವರು ಯಾರೋ! ಕೊನೆಗೆ ಮಗ ನಾಸಿರುದ್ದೀನನೇ ವಿಷ ಹಾಕಿ ಕೊಂದ ಅಂತ ಸುದ್ದಿ. ನೂರು ವರ್ಷ ಬಿಟ್ಟು ಬಂದ ಜಹಾಂಗೀರ್ ಆ ಮಗನ ಗೋರಿಗೆ ಕಾಲಿನಿಂದ ಒದ್ದನಂತೆ. ಅದನ್ನು ತನ್ನ ಆತ್ಮಕಥೆಯಲ್ಲಿ ತಾನೇ ಬರೆದುಕೊಂಡಿದ್ದಾನೆ.

ಎಲ್ಲರೂ ಮೇಲೆ ಹತ್ತಿ ಸೆಲ್ಫಿ ತೆಗೆದು ಇಳಿಯುತ್ತಾರೆ. ನೀವು ತಾರಸಿಯಲ್ಲಿ ಕಾಲ ಕೆಳಗೆ ನೋಡಿ. ನೆಲದಲ್ಲಿ ಸುರುಳಿ ಸುರುಳಿಯಾಗಿ ಕೊರೆದ ಕಾಲುವೆ ಇದೆ. ಕೊಳಕ್ಕೆ ಬೀಳುವ ಮುನ್ನ ನೀರು ಅದರಲ್ಲಿ ಸುತ್ತಿ ಸುತ್ತಿ ಬರಬೇಕು. ವೇಗ ತಗ್ಗುತ್ತದೆ, ಕಸ ಮಣ್ಣು ದಾರಿಯಲ್ಲೇ ಕೂರುತ್ತದೆ, ನೋಡುವವರಿಗೆ ಚೆಂದವೂ ಹೌದು. ಒಂದು ಬಾಟಲಿ ನೀರು ಹುಯ್ದು ನೋಡಬೇಕು ಅಂತ ನನಗೆ ಆಸೆಯಾಯಿತು, ಕಾವಲುಗಾರ ನೋಡುತ್ತಿದ್ದ, ಸುಮ್ಮನಾದೆ. ಆಗಸ್ಟಿನಲ್ಲಿ ಮಳೆಯೇ ಆ ಕೆಲಸ ಮಾಡಿ ತೋರಿಸಿತು.

ಅಲ್ಲೇ ಪಕ್ಕದಲ್ಲಿ ಹಿಂಡೋಲಾ ಮಹಲ್, ಅಂದರೆ ಉಯ್ಯಾಲೆ ಅರಮನೆ. ಗೋಡೆಗಳು ನೆಟ್ಟಗಿಲ್ಲ, ಒಳಮುಖವಾಗಿ ಓರೆಯಾಗಿವೆ, ಒಳಗೆ ನಿಂತರೆ ಕಟ್ಟಡ ತೂಗಿದ ಹಾಗೆ ಅನಿಸುತ್ತದೆ. ಚಂಪಾ ಬಾವಡಿಗೆ ತಪ್ಪದೆ ಇಳಿಯಿರಿ. ಮೆಟ್ಟಿಲುಬಾವಿಯ ಸುತ್ತ ನೆಲದಡಿ ಕೋಣೆಗಳಿವೆ. ನೀರಿನ ತಂಪು ಕೋಣೆಗೆ ಹರಿಯುವ ಹಾಗೆ ಕಟ್ಟಿದ್ದಾರೆ. ಬೇಸಿಗೆಯಲ್ಲಿ ರಾಣಿಯರು ಇಳಿದು ಕೂರುತ್ತಿದ್ದ ಜಾಗ. ಸ್ನಾನದ ಮನೆಯ ಚಾವಣಿಯಲ್ಲಿ ನಕ್ಷತ್ರದ ಆಕಾರದ ತೂತುಗಳು, ಅದರಿಂದ ಬೆಳಕು ಬೀಳುತ್ತದೆ. ಈ ಆವರಣವೊಂದಕ್ಕೇ ಅರ್ಧ ದಿನ ಕೊಡಿ.

ಹೋಶಂಗ್ ಷಾ ಗೋರಿಯನ್ನು ನೋಡಿ ತಾಜ್ ಮಹಲ್ ಕಟ್ಟಿದರಂತೆ, ನಿಜವಾ?

ಪ್ರತಿ ಗೈಡೂ ಇದನ್ನೇ ಹೇಳುತ್ತಾನೆ. ಆಧಾರವಾಗಿ ಬಾಗಿಲಿನ ಪಕ್ಕದ ಶಾಸನ ತೋರಿಸುತ್ತಾನೆ. ಷಾಹಜಹಾನನ ವಾಸ್ತುಶಿಲ್ಪಿಗಳು, ಅವರಲ್ಲಿ ಉಸ್ತಾದ್ ಹಾಮಿದ್ ಒಬ್ಬ, ಇಲ್ಲಿಗೆ ಬಂದು ಗೌರವ ಸಲ್ಲಿಸಿದರು ಅಂತ ಅದರಲ್ಲಿದೆ. ಸರಿ, ಆದರೆ ಶಾಸನದ ವರ್ಷ 1659. ತಾಜ್ ಮಹಲಿನ ಮುಖ್ಯ ಗೋರಿ ಮುಗಿದದ್ದು 1648ರ ಹೊತ್ತಿಗೆ. ಮನೆ ಕಟ್ಟಿ ಹತ್ತು ವರ್ಷ ಆದ ಮೇಲೆ ನಕ್ಷೆ ನೋಡಲು ಯಾರಾದರೂ ಹೋಗುತ್ತಾರಾ?

ಆದರೂ ಪೂರ್ತಿ ಸುಳ್ಳು ಅಂತ ತಳ್ಳಿಹಾಕಲಾರೆ. ರಾಜಕುಮಾರ ಖುರ್ರಮ್ ದಕ್ಷಿಣದ ದಂಡಯಾತ್ರೆ ಮುಗಿಸಿ ವಿಜಯಪುರದ ಆದಿಲಷಾಹಿಗಳ ಕಾಣಿಕೆ ಹೊತ್ತು ಬಂದದ್ದು ಈ ಮಾಂಡುವಿಗೇ. 1617ರಲ್ಲಿ ಅಪ್ಪ ಜಹಾಂಗೀರ್ ಅವನಿಗೆ "ಷಾಹಜಹಾನ್" ಅನ್ನುವ ಬಿರುದು ಕೊಟ್ಟದ್ದೂ ಇಲ್ಲೇ. ಆ ಬಿಳಿ ಅಮೃತಶಿಲೆ ಗೋರಿ ಅವನ ಕಣ್ಣಿಗೆ ಬಿದ್ದೇ ಇರುತ್ತದೆ. ಭಾರತದಲ್ಲಿ ಪೂರ್ತಿ ಅಮೃತಶಿಲೆಯಲ್ಲಿ ಕಟ್ಟಿದ ಮೊದಲ ಗೋರಿ ಇದು ಅನ್ನುತ್ತಾರೆ. ನೋಡಿದ್ದು ನೆನಪಿನಲ್ಲಿ ಉಳಿದಿತ್ತೋ ಇಲ್ಲವೋ ಅವನೇ ಹೇಳಬೇಕು.

ಎದುರಿಗಿರುವ ಜಾಮಿ ಮಸೀದಿ 1454ರಲ್ಲಿ ಮುಗಿಯಿತು. ಅಂಗಳದಲ್ಲಿ ನಿಂತರೆ ಕಂಬ, ಕಮಾನು, ಕಂಬ, ಕಮಾನು. ಒಂದಿಷ್ಟೂ ಆಡಂಬರ ಇಲ್ಲ. ಮಾಂಡುವಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಜಾಗ, ಜಹಾಜ್ ಮಹಲಿಗಿಂತಲೂ. ಅದರ ಮುಂದೆ ಅಶರ್ಫಿ ಮಹಲಿನ ಪಾಳುಗಳಿವೆ. ಮೇವಾಡದ ರಾಣಾ ಕುಂಭನನ್ನು ಗೆದ್ದೆ ಅಂತ ಮಾಳ್ವದ ಸುಲ್ತಾನ ಮಹಮೂದ್ ಖಲ್ಜಿ ಅಲ್ಲಿ ಏಳಂತಸ್ತಿನ ಗೋಪುರ ಕಟ್ಟಿಸಿದ್ದ. ಮಹಮೂದನನ್ನು ಗೆದ್ದೆ ಅಂತ ಕುಂಭ ಚಿತ್ತೋಡಿನಲ್ಲಿ ಇನ್ನೊಂದು ಕಟ್ಟಿಸಿದ! ಚಿತ್ತೋಡಿನದು ನಿಂತಿದೆ, ಮಾಂಡುವಿನದು ಬಿದ್ದಿದೆ.

ರೂಪಮತಿ ಕಥೆ ಎಷ್ಟು ನಿಜ?

ಬಾಜ್ ಬಹಾದ್ದೂರ್ ನಿಜ. ಮಾಳ್ವದ ಕೊನೆಯ ಸ್ವತಂತ್ರ ಸುಲ್ತಾನ, ಸಂಗೀತದ ಹುಚ್ಚು. ರೂಪಮತಿ ಹಾಡುಗಾರ್ತಿ, ನರ್ಮದೆಯನ್ನು ನೋಡದೆ ಊಟ ಮಾಡುತ್ತಿರಲಿಲ್ಲ, ಅದಕ್ಕೇ ಬೆಟ್ಟದಂಚಿನಲ್ಲಿ ಅವಳಿಗೆ ಮಂಟಪ ಕಟ್ಟಿಸಿದ ಅನ್ನುವುದು ಜನರ ಕಥೆ. ಕಟ್ಟಡ ನೋಡಿದರೆ ಬೇರೆ ವಿಷಯ ತಿಳಿಯುತ್ತದೆ. ಅದು ಮೊದಲು ಸೈನ್ಯದ ಕಾವಲು ಠಾಣೆ. ಕೆಳಗೆ ನರ್ಮದೆಯ ಬದಿಯ ನಿಮಾಡ್ ಬಯಲಿನಿಂದ ಯಾರು ಬರುತ್ತಾರೆ ಅಂತ ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮೇಲಿನ ಎರಡು ಗುಮ್ಮಟದ ಮಂಟಪಗಳು ಆಮೇಲೆ ಸೇರಿದವು.

1561ರಲ್ಲಿ ಅಕ್ಬರನ ಸೇನಾಪತಿ ಆಧಮ್ ಖಾನ್ ದಂಡೆತ್ತಿ ಬಂದ. ಬಾಜ್ ಬಹಾದ್ದೂರ್ ಓಡಿಹೋದ. ಸೆರೆಸಿಕ್ಕ ರೂಪಮತಿ ವಿಷ ಕುಡಿದಳು. ಮರುವರ್ಷ ಬೇರೊಂದು ಕೊಲೆಗಾಗಿ ಅಕ್ಬರ್ ಆಧಮ್ ಖಾನನನ್ನು ಆಗ್ರಾ ಕೋಟೆಯ ಮಹಡಿಯಿಂದ ತಳ್ಳಿಸಿ ಸಾಯಿಸಿದ. ಬಾಜ್ ಬಹಾದ್ದೂರ್ ಕೆಲವು ವರ್ಷ ಅಲೆದಾಡಿ ಕೊನೆಗೆ ಅಕ್ಬರನ ಕೈಕೆಳಗೇ ಕೆಲಸಕ್ಕೆ ಸೇರಿದ. ಗೈಡುಗಳು ಈ ಕೊನೆಯ ಸಾಲನ್ನು ಹೇಳುವುದಿಲ್ಲ, ಪ್ರೇಮಕಥೆ ಕೆಡುತ್ತದೆ ಅಲ್ವಾ.

ಸೂರ್ಯ ಮುಳುಗುವ ಹೊತ್ತಿಗೆ ಹೋಗಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ನರ್ಮದೆ ಬೆಳ್ಳಿ ದಾರದ ಹಾಗೆ ಕಾಣುತ್ತದೆ. ನೀವು ಹಿಂದಿನ ದಿನ ಸೇತುವೆಯ ಮೇಲೆ ಬೈಕಿನಲ್ಲಿ ದಾಟಿದ ನದಿಯೇ ಅದು. ಕತ್ತಲಾದ ಮೇಲೆ ವಾಪಸ್ ಬರುವಾಗ ದಾರಿಯಲ್ಲಿ ದನ ಮಲಗಿರುತ್ತವೆ, ನಿಧಾನ.

ಮಾಂಡುವಿಗೂ ಕರ್ನಾಟಕಕ್ಕೂ ಏನಾದರೂ ನಂಟು ಇದೆಯಾ?

ಇದೆ. ಜಹಾಜ್ ಮಹಲಿನ ಪಕ್ಕದ ಮುಂಜ್ ತಲಾವ್ ಅಂದೆನಲ್ಲ, ಆ ಹೆಸರು ಮಾಳ್ವದ ಪರಮಾರ ದೊರೆ ಮುಂಜನದು. ಅವನ ತಂದೆ ಸೀಯಕ 972ರಲ್ಲಿ ನಮ್ಮ ಮಾನ್ಯಖೇಟಕ್ಕೆ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ, ನುಗ್ಗಿ ಲೂಟಿ ಮಾಡಿದ. ರಾಷ್ಟ್ರಕೂಟರು ಆ ಪೆಟ್ಟಿನಿಂದ ಏಳಲಿಲ್ಲ. ಮರುವರ್ಷವೇ ಅವರ ಸಾಮಂತನಾಗಿದ್ದ ತೈಲಪ ಗದ್ದುಗೆ ಹಿಡಿದು ಚಾಲುಕ್ಯರ ಹೆಸರನ್ನು ಮತ್ತೆ ಎತ್ತಿದ. ತೈಲಪ ಮೊದಲು ಆಳುತ್ತಿದ್ದ ತರ್ದವಾಡಿ ನಾಡು ಈಗಿನ ವಿಜಯಪುರ ಜಿಲ್ಲೆಯಲ್ಲಿದೆ. ನೀವು ಮೊದಲ ರಾತ್ರಿ ಮಲಗುವ ಜಿಲ್ಲೆ.

ಮುಂಜನಿಗೂ ತೈಲಪನಿಗೂ ಬಿಡದೆ ಕಾದಾಟ ನಡೆಯಿತು. ಗೋದಾವರಿ ದಾಟಿ ದಕ್ಷಿಣಕ್ಕೆ ಹೋಗಬೇಡ ಅಂತ ಮಂತ್ರಿ ರುದ್ರಾದಿತ್ಯ ಬೇಡಿಕೊಂಡ, ಮುಂಜ ಕೇಳಲಿಲ್ಲ, ದಾಟಿದ, ಸಿಕ್ಕಿಬಿದ್ದ ಅನ್ನುತ್ತದೆ ಸುಮಾರು 300 ವರ್ಷದ ನಂತರ ಗುಜರಾತಿನ ಜೈನ ಬರಹಗಾರನೊಬ್ಬ ಬರೆದ ಕಥೆ. ಸೆರೆಮನೆಯಲ್ಲಿ ತೈಲಪನ ತಂಗಿ ಮೃಣಾಲವತಿಯ ಮೇಲೆ ಪ್ರೀತಿ, ಓಡಿಹೋಗುವ ಗುಟ್ಟನ್ನು ಅವಳಿಗೇ ಹೇಳಿ ಕೆಟ್ಟದ್ದು, ಮನೆಮನೆಗೆ ಭಿಕ್ಷೆ ಎತ್ತಿಸಿ ಕೊಂದದ್ದು, ಇವೆಲ್ಲ ಆ ಕಥೆಯ ಭಾಗ. ಎಷ್ಟು ನಂಬುವುದೋ ನಿಮಗೆ ಬಿಟ್ಟದ್ದು. ಆದರೆ ತೈಲಪ ಮುಂಜನನ್ನು ಸೆರೆಹಿಡಿದು ಕೊಲ್ಲಿಸಿದ್ದು ಇತಿಹಾಸ. ಹೆದ್ದಾರಿ 52 ಬೀಡ್ ದಾಟಿದ ಮೇಲೆ ಶಹಾಗಡದ ಹತ್ತಿರ ಗೋದಾವರಿ ದಾಟುತ್ತದೆ. ಅಲ್ಲಿ ಒಂದು ಚಹಾ ಕುಡಿಯಿರಿ.

ಇನ್ನೊಂದಿದೆ. ಜಾಮಿ ಮಸೀದಿ ಮುಗಿಸಿದ ಅದೇ ಮಹಮೂದ್ ಖಲ್ಜಿ 1462ರ ಸುಮಾರಿಗೆ ಬೀದರಿಗೆ ದಂಡೆತ್ತಿ ಬಂದು ಬಹಮನಿಗಳನ್ನು ಸೋಲಿಸಿ ಕೋಟೆಗೆ ಮುತ್ತಿಗೆ ಹಾಕಿದ. ಗುಜರಾತಿನ ಸುಲ್ತಾನ ನೆರವಿಗೆ ಬಂದದ್ದರಿಂದ ಬೀದರ್ ಉಳಿಯಿತು.

ರಸ್ತೆ ಬದಿಯ ಆ ದೈತ್ಯ ಮರ ಯಾವುದು?

ಬಾವೋಬಾಬ್. ಆಫ್ರಿಕಾದ ಮರ, ನೂರಾರು ವರ್ಷ ಹಿಂದೆ ಹೊರಗಿನಿಂದ ಬಂದದ್ದು. ಕಾಂಡ ಆನೆ ಹೊಟ್ಟೆಯ ಹಾಗೆ, ಎಲೆ ಉದುರಿದಾಗ ತಲೆಕೆಳಗಾಗಿ ನೆಟ್ಟ ಹಾಗೆ. ಅಲ್ಲಿಯವರು ಅದನ್ನು "ಮಾಂಡು ಕೀ ಇಮ್ಲಿ" ಅನ್ನುತ್ತಾರೆ, ಮಾಂಡುವಿನ ಹುಣಸೆ. ನಮ್ಮ ಸವಣೂರಿನಲ್ಲಿ ಇದೇ ಜಾತಿಯ ಮರಕ್ಕೆ ದೊಡ್ಡಹುಣಸೆ ಮರ ಅನ್ನುತ್ತಾರೆ. ಅಷ್ಟು ದೂರದ ಎರಡು ಊರು, ನೋಡಿದವರಿಗೆ ಹೊಳೆದದ್ದು ಒಂದೇ ಹೆಸರು! ದಾರಿ ಬದಿಯಲ್ಲಿ ಹೆಂಗಸರು ಕಾಯಿ ಮಾರುತ್ತಾರೆ. ಸೋರೆಕಾಯಿಯಂಥ ಸಿಪ್ಪೆ ಒಡೆದರೆ ಒಳಗೆ ಬಿಳಿ ಪುಡಿಯಂಥ ತಿರುಳು, ಹುಳಿ. ಬಾಯಿಗೆ ಹಾಕಿಕೊಂಡರೆ ಎಷ್ಟೋ ಹೊತ್ತು ಬಾಯಾರಿಕೆ ಆಗುವುದಿಲ್ಲ. ಒಂದು ಕಾಯಿ ಸ್ಯಾಡಲ್ ಬ್ಯಾಗಿನಲ್ಲಿ ಮನೆಗೆ ತಂದೆ, ನಮ್ಮಮ್ಮ ಅದರಲ್ಲಿ ಗೊಜ್ಜು ಮಾಡಿದರು. ಮಾಡಬಾರದಿತ್ತು.

ಊಟ ಸಿಗುತ್ತದಾ?

ಬೆಳಗ್ಗೆ ಪೋಹಾ, ಅಂದರೆ ಅವಲಕ್ಕಿ, ಪಕ್ಕದಲ್ಲಿ ಜಿಲೇಬಿ. ಉಪ್ಪಿನ ಅವಲಕ್ಕಿಗೆ ಜಿಲೇಬಿಯಾ ಅಂತ ಮೂಗು ಮುರಿಯಬೇಡಿ, ಎರಡನೇ ದಿನ ನೀವೇ ಕೇಳುತ್ತೀರಿ. ಮಧ್ಯಾಹ್ನ ದಾಲ್ ಬಾಫ್ಲಾ: ಗೋಧಿ ಉಂಡೆ ಬೇಯಿಸಿ, ಸುಟ್ಟು, ತುಪ್ಪದಲ್ಲಿ ಮುಳುಗಿಸಿದ್ದು. ತಿಂದ ಮೇಲೆ ಗಾಡಿ ಓಡಿಸಬೇಡಿ, ನಿದ್ದೆ ಬರುತ್ತದೆ. ಕೇಳಿ ಮಾಡಿಸಿಕೊಳ್ಳಬೇಕಾದದ್ದು ದಾಲ್ ಪಾನಿಯಾ. ಮೆಕ್ಕೆಜೋಳದ ಹಿಟ್ಟನ್ನು ತಟ್ಟಿ, ಎಲೆಗಳ ನಡುವೆ ಇಟ್ಟು ಬೆರಣಿ ಕೆಂಡದಲ್ಲಿ ಸುಡುತ್ತಾರೆ. ಸುತ್ತಲಿನ ಭಿಲ್ ಜನರ ಅಡುಗೆ. ಹೊಗೆ ವಾಸನೆ ಹತ್ತಿದ ಆ ರೊಟ್ಟಿಗೆ ನಮ್ಮ ಜೋಳದ ರೊಟ್ಟಿ ತಿಂದವರು ಬೇಗ ಒಗ್ಗುತ್ತಾರೆ. ತಯಾರಾಗಲು ತಡ, ಬೆಳಗ್ಗೆಯೇ ಹೇಳಿಡಿ.

ಎಲ್ಲಿ ಉಳಿಯುವುದು?

ರಾಜ್ಯ ಪ್ರವಾಸೋದ್ಯಮದವರ ಮಾಳ್ವಾ ರೆಸಾರ್ಟ್ ಸಾಗರ್ ತಲಾವ್ ದಂಡೆಯಲ್ಲೇ ಇದೆ. ಊರೊಳಗೆ ಸಣ್ಣ ಲಾಡ್ಜುಗಳೂ ಇವೆ. ಮಳೆಗಾಲದ ಶನಿವಾರ, ಭಾನುವಾರ ಇಂದೋರಿನ ಜನವೆಲ್ಲ ಇಲ್ಲೇ ಇರುತ್ತಾರೆ. ನಾವು ಬುಕ್ ಮಾಡಿದ್ದ ಒಂದು ಲಾಡ್ಜಿನವರು ರಾತ್ರಿ ಎಂಟಕ್ಕೆ "ನಿಮ್ಮ ಹೆಸರೇ ಇಲ್ಲ" ಅಂದುಬಿಟ್ಟರು. ಹೊರಡುವ ಹಿಂದಿನ ದಿನ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಸಾಧ್ಯವಾದರೆ ಸೋಮವಾರದಿಂದ ಗುರುವಾರದೊಳಗೆ ಹೋಗಿ.

ಬೈಕು, ಜಾಕೆಟ್ಟು, ಹೆಲ್ಮೆಟ್ಟು ಎಲ್ಲಿಡುವುದು?

ಲಗೇಜು ರೂಮಿನಲ್ಲೇ ಬಿಡಿ, ಖಾಲಿ ಗಾಡಿಯಲ್ಲಿ ಓಡಾಡಿ. ರೈಡಿಂಗ್ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಬೇಡಿ. ಮಾಂಡುವಿನಲ್ಲಿ ಮೆಟ್ಟಿಲು ಜಾಸ್ತಿ, ಕಲ್ಲು ನುಣುಪು. ಒಂದು ಜೊತೆ ಸಾದಾ ಚಪ್ಪಲಿ ತನ್ನಿ. ಅರಮನೆಗಳ ಆವರಣದಲ್ಲಿ ಬೈಕು ಹೊರಗೆ ನಿಲ್ಲಿಸಿ ನಡೆದೇ ನೋಡಬೇಕು. ದಕ್ಷಿಣದ ತುದಿಯ ಮೂರನೇ ಗುಂಪಿಗೆ ಮಾತ್ರ ಗಾಡಿ ಬೇಕು. ಆ ದಾರಿಯಲ್ಲಿ ದಾಯಿ ಕಾ ಮಹಲ್ ಹತ್ತಿರ ಕೂಗಿದರೆ ದನಿ ತಿರುಗಿ ಬರುವ ಜಾಗ ಇದೆ. ಎಲ್ಲರೂ ತಮ್ಮ ಹೆಸರನ್ನೇ ಕೂಗುತ್ತಾರೆ. ನಮ್ಮವನೊಬ್ಬ "ಊಟ ಆಯ್ತಾ" ಅಂದ, ಗೋಡೆ ಮೂರು ಸಲ ಅದನ್ನೇ ಕೇಳಿತು.

ಗೈಡ್ ಬೇಕಾ? ಡ್ರೋನ್ ಹಾರಿಸಬಹುದಾ?

ಅರಮನೆಗಳ ಆವರಣಕ್ಕೆ ಗೈಡ್ ತಗೊಳ್ಳಿ, ನೀರಿನ ದಾರಿಗಳನ್ನು ತೋರಿಸಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಜನಾನಾ ಕಥೆಯಲ್ಲೇ ಸಮಯ ಮುಗಿಯುತ್ತದೆ. ದರ ಮೊದಲೇ ಮಾತಾಡಿಕೊಳ್ಳಿ. ಡ್ರೋನ್ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಹತ್ತಿರದಲ್ಲಿ ಬೇರೇನಿದೆ?

ಒಂದು ದಿನ ಉಳಿದರೆ ಮಹೇಶ್ವರ. ಸುಮಾರು 40 ಕಿ.ಮೀ. ಅಹಲ್ಯಾಬಾಯಿ ಹೋಳ್ಕರ್ ಆಳಿದ ಊರು, ನರ್ಮದೆಯ ದಂಡೆಗೆ ಇಳಿಯುವ ಘಾಟು, ಮಗ್ಗದ ಸೀರೆ. ಮನೆಯವರನ್ನು ಬಿಟ್ಟು ಬೈಕಿನಲ್ಲಿ ಬಂದ ತಪ್ಪಿಗೆ ಮಹೇಶ್ವರಿ ಸೀರೆ ಒಳ್ಳೆ ಪರಿಹಾರ, ಮಡಿಸಿದರೆ ಜಾಗವನ್ನೂ ಜಾಸ್ತಿ ಹಿಡಿಯುವುದಿಲ್ಲ. ಧಾರ್ ಕಡೆ ಹೋದರೆ ಲಾಟ್ ಮಸೀದಿಯ ಹತ್ತಿರ ಮೂರು ತುಂಡಾಗಿ ಬಿದ್ದಿರುವ ಹಳೇ ಕಬ್ಬಿಣದ ಕಂಬ ನೋಡಿ.

ಮಾಂಡುವಿನಲ್ಲೇ ಜನ ಬಿಟ್ಟುಬಿಡುವ ಜಾಗ ನೀಲಕಂಠ. ಅಕ್ಬರನ ಕಾಲದಲ್ಲಿ ಅವನ ಅಧಿಕಾರಿ ಕಟ್ಟಿಸಿದ ಮಂಟಪ, ಒಳಗೆ ಪೂಜೆ ನಡೆಯುವ ಶಿವನ ಗುಡಿ. ಮೆಟ್ಟಿಲಿಳಿದು ಕಣಿವೆಯ ಅಂಚಿಗೆ ಹೋಗಬೇಕು. ಅಲ್ಲೂ ನೆಲದಲ್ಲಿ ಸುರುಳಿ ಕಾಲುವೆ.

ವಾಪಸ್ ಬರುವಾಗ ಅದೇ ದಾರಿಯೇ?

ಅದೇ ದಾರಿ, ಆದರೆ ಒಂದು ರಾತ್ರಿ ಎಲ್ಲೋರಾದಲ್ಲಿ ಕಳೆಯಿರಿ. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಅಲ್ಲಿನ ಕೈಲಾಸ ದೇವಾಲಯ ರಾಷ್ಟ್ರಕೂಟ ಕೃಷ್ಣನ ಕಾಲದ್ದು. ಮಂಗಳವಾರ ಗುಹೆಗಳಿಗೆ ರಜೆ, ಅದನ್ನು ನೋಡಿ ದಿನ ಜೋಡಿಸಿಕೊಳ್ಳಿ. ಮರುದಿನ ವಿಜಯಪುರದವರೆಗೆ ಓಡಿಸಿದರೆ ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಲಗುವ ಮೊದಲು ಚೈನಿಗೆ ಎಣ್ಣೆ ಹಾಕಿ, ಬೆಳಗ್ಗೆ ಇನ್ನೂ 530 ಕಿ.ಮೀ. ಇದೆ.